ಪಕ್ಷಪಾತ ಇಲ್ಲದ ಚಾನೆಲ್ ಯಾವ್ದು ಅಂತ ಕೇಳ್ಬೇಡಿ, ಕೈಯಲ್ಲಿರೋ ವಿಡಿಯೊ ನೋಡೋಣ ಬನ್ನಿ

ಪ್ರಶ್ನೆ: ಸರ್, ನಮ್ಮನೇಲಿ ದಿನಾ ಇದೇ ಜಗಳ. ಅಪ್ಪ ಒಂದು ಯೂಟ್ಯೂಬ್ ಚಾನೆಲ್ ನೋಡ್ತಾರೆ, ಅದ್ರಲ್ಲಿ ಗ್ಯಾರಂಟಿ ಕೊಟ್ಟು ಕೊಟ್ಟು ಕರ್ನಾಟಕ ದಿವಾಳಿ ಆಯ್ತು ಅಂತಾರೆ. ಭಾವ ಇನ್ನೊಂದು ನೋಡ್ತಾರೆ, ಅದ್ರಲ್ಲಿ ಸಾಲದ ವಿಷ್ಯದಲ್ಲಿ ಕರ್ನಾಟಕ ಪೂರ್ತಿ ಸೇಫ್ ಅಂತಾರೆ. ಇಬ್ರೂ ವಾಟ್ಸಾಪಲ್ಲಿ ನಂಗೆ ಕಳ್ಸಿ ನೀನೇ ಹೇಳಪ್ಪ ಅಂತಾರೆ. ಪಕ್ಷಪಾತ ಮಾಡದೇ ಇರೋ ಒಂದೆರಡು ಚಾನೆಲ್ ಹೆಸ್ರು ಹೇಳಿ. ಸುಳ್ಳು ವಿಡಿಯೊ ಕಂಡುಹಿಡಿಯೋ ಆ್ಯಪ್ ಏನಾದ್ರೂ ಇದ್ರೆ ಅದನ್ನೂ ತಿಳಿಸಿ. (ತಿಪಟೂರಿನಿಂದ ಒಬ್ರು ಓದುಗರು)

ಉತ್ತರ: ಚಾನೆಲ್ ಹೆಸ್ರು ಹೇಳಲ್ಲ, ಆ್ಯಪೂ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಹೆಸ್ರು ಹೇಳಿದ್ರೆ ನೀವು ಅದನ್ನ ಕಣ್ಮುಚ್ಕೊಂಡು ನಂಬ್ತೀರ, ಆಮೇಲೆ ಅವ್ರೂ ಒಂದಿನ ಅರ್ಜೆಂಟಲ್ಲಿ ಯಾವ್ದೋ ಕ್ಲಿಪ್ ಹಾಕ್ತಾರೆ, ನೀವೂ ಫಾರ್ವರ್ಡ್ ಮಾಡ್ತೀರ. ಪಕ್ಷಪಾತ ಬೇರೆ, ಸುಳ್ಳು ಬೇರೆ. ಒಂದು ಪಾರ್ಟಿ ಕಡೆ ವಾಲಿರೋ ಮನುಷ್ಯ ಹೇಳೋ ಅಂಕಿ ನೂರಕ್ಕೆ ನೂರು ಸರಿ ಇರಬಹುದು, ಹಾಗೇ ತುಂಬಾ ಗಂಭೀರವಾಗಿ, ಎರಡೂ ಕಡೆಯವರನ್ನ ಕೂರಿಸ್ಕೊಂಡು ಮಾತಾಡೋ ಆ್ಯಂಕರ್ ತೋರಿಸೋ ಕ್ಲಿಪ್ ಪೂರ್ತಿ ನಕಲಿ ಇರಬಹುದು. ನಿಮ್ಮ ಅಪ್ಪ ಮತ್ತೆ ಭಾವನ ಜಗಳದಲ್ಲಿ ನಂಗನ್ನಿಸೋ ಪ್ರಕಾರ ಇಬ್ರೂ ನೋಡಿರೋ ಅಂಕಿಗಳು ನಿಜವೇ ಇರಬೇಕು, ಅದೇ ತಮಾಷೆ.

ಹೇಗೆ ಅಂತೀರಾ? 2025ರ ಮಾರ್ಚ್ 7ಕ್ಕೆ ಸಿದ್ದರಾಮಯ್ಯ ಮಂಡಿಸಿದ 2025-26ರ ಬಜೆಟ್ ತಗೊಳ್ಳಿ. ಹಣಕಾಸು ಇಲಾಖೆ ವೆಬ್‌ಸೈಟಲ್ಲಿ ಬಜೆಟ್ ಭಾಷಣ ಕನ್ನಡದಲ್ಲೇ ಪಿಡಿಎಫ್ ಸಿಗುತ್ತೆ, ಯಾರ ಪರ್ಮಿಷನ್ನೂ ಬೇಡ. ಅದರ ಪ್ರಕಾರ ಬಜೆಟ್ ಗಾತ್ರ 4,09,549 ಕೋಟಿ, ಐದು ಗ್ಯಾರಂಟಿಗಳಿಗೆ ಇಟ್ಟಿದ್ದು 51,034 ಕೋಟಿ, ಆ ವರ್ಷ ತಗೋಬೇಕಾದ ಹೊಸ ಸಾಲ 1.16 ಲಕ್ಷ ಕೋಟಿ, ವರ್ಷದ ಕೊನೆಗೆ ರಾಜ್ಯದ ತಲೆ ಮೇಲಿರೋ ಒಟ್ಟು ಹೊಣೆಗಾರಿಕೆ 7,64,655 ಕೋಟಿ. ಈ ಕೊನೇ ನಂಬರ್ ಥಂಬ್‌ನೇಲ್ ಮೇಲೆ ಕೆಂಪಕ್ಷರದಲ್ಲಿ ಹಾಕಿ ಪಕ್ಕದಲ್ಲಿ ಮುಖ್ಯಮಂತ್ರಿ ತಲೆ ಮೇಲೆ ಕೈ ಇಟ್ಕೊಂಡಿರೋ ಫೋಟೊ ಹಾಕಿದ್ರೆ ನಿಮ್ಮ ಅಪ್ಪನ ವಿಡಿಯೊ ರೆಡಿ. ಅಂಕಿ ಸುಳ್ಳಾ? ಅಲ್ಲ.

ಈಗ ಅದೇ ಬಜೆಟಲ್ಲಿ ಇನ್ನೊಂದು ಸಾಲಿದೆ, ಈ ಹೊಣೆಗಾರಿಕೆ ರಾಜ್ಯದ ಒಟ್ಟು ಉತ್ಪನ್ನ ಅಂದ್ರೆ ಜಿಎಸ್‌ಡಿಪಿಯ ಶೇ 24.91 ಅಂತ. ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡ್ಕೊಂಡಿದೆ, ಅದ್ರಲ್ಲಿ ಸಾಲದ ಮಿತಿ ಶೇ 25, ವಿತ್ತೀಯ ಕೊರತೆ (ಆದಾಯ ಸಾಲದೆ ಆ ವರ್ಷ ಸಾಲ ಮಾಡಿ ತುಂಬ್ಬೇಕಾದ ಅಂತರ) ಮಿತಿ ಶೇ 3, ಬಜೆಟಲ್ಲಿ ತೋರ್ಸಿರೋ ಕೊರತೆ ಶೇ 2.95. ಮಿತಿ ಒಳಗೇ ಇದೆ. ಇದಿಷ್ಟನ್ನ ಹಸಿರು ಬಣ್ಣದ ಗ್ರಾಫಲ್ಲಿ ಹಾಕಿದ್ರೆ ಭಾವನ ವಿಡಿಯೊ ರೆಡಿ. ಇದೂ ಸುಳ್ಳಲ್ಲ. ಆದ್ರೆ ಭಾವನ ಚಾನೆಲ್ ಎರಡು ವಿಷಯ ನುಂಗಿರುತ್ತೆ: 24.91 ಅಂದ್ರೆ ಮಿತಿಗೆ ಮೂಗು ತಾಗಿಸ್ಕೊಂಡು ನಿಂತಿರೋದು, ಆರಾಮಾಗಿ ಇರೋದಲ್ಲ. ಅದ್ರ ಜೊತೆಗೆ 19,262 ಕೋಟಿ ರಾಜಸ್ವ ಕೊರತೆ ಇದೆ, ಅಂದ್ರೆ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ಇಂಥ ದಿನನಿತ್ಯದ ಖರ್ಚಿಗೂ ಸ್ವಲ್ಪ ಸಾಲ ಮಾಡ್ಬೇಕಾಗಿದೆ. ಅಪ್ಪನ ಚಾನೆಲ್ ನುಂಗಿದ್ದು ಏನು ಅಂದ್ರೆ, ಆ ಏಳೂವರೆ ಲಕ್ಷ ಚಿಲ್ಲರೆ ಕೋಟಿ ಗ್ಯಾರಂಟಿಯಿಂದ ಬಂದಿದ್ದಲ್ಲ, ಹಿಂದಿನ ಎಲ್ಲಾ ಸರ್ಕಾರಗಳದ್ದೂ ಸೇರಿ ದಶಕಗಳಿಂದ ಬೆಳ್ಕೊಂಡು ಬಂದಿರೋ ಮೊತ್ತ, ಗ್ಯಾರಂಟಿ ಶುರುವಾಗಿದ್ದೇ 2023ರ ಜೂನ್ 11ಕ್ಕೆ ಶಕ್ತಿ ಯೋಜನೆಯಿಂದ. ಹಾಗಂತ ಗ್ಯಾರಂಟಿ ಹೊರೆ ಇಲ್ಲ ಅಂತಲ್ಲ, ಬಜೆಟಲ್ಲಿ ಎಂಟರಲ್ಲಿ ಒಂದು ಭಾಗ ಅಂದ್ರೆ ಸಣ್ಣ ಮೊತ್ತಾನ?

ಹಂಗಾಗಿ ಅಂಕಿ ತೋರ್ಸೋ ರಾಜಕೀಯ ವಿಡಿಯೊ ನೋಡ್ದಾಗ "ಇದು ನಿಜಾನ" ಅಂತ ಕೇಳಿ ಸುಮ್ನಾಗ್ಬೇಡಿ, ಯಾಕಂದ್ರೆ ಎಷ್ಟೋ ಸಲ ನಿಜಾನೇ ಇರುತ್ತೆ. ಮೊತ್ತ ಹೇಳಿದ್ರೆ ಶೇಕಡ ಎಷ್ಟು ಅಂತ ಕೇಳಿ, ಶೇಕಡ ಹೇಳಿದ್ರೆ ಮೊತ್ತ ಎಷ್ಟು ಅಂತ ಕೇಳಿ. ಒಂದೇ ವರ್ಷದ್ದು ತೋರ್ಸಿದ್ರೆ ಹತ್ತು ವರ್ಷದ್ದು ಕೇಳಿ. ಇನ್ನೂ ಒಂದು ಪರೀಕ್ಷೆ ಇದೆ, ನಾನು ಸ್ಟೂಡೆಂಟ್ಸ್‌ಗೆ ಯಾವಾಗ್ಲೂ ಇದನ್ನೇ ಮೊದ್ಲು ಮಾಡ್ಸೋದು: ಪಾರ್ಟಿ ಹೆಸ್ರು ಅದಲು ಬದಲು ಮಾಡಿ ನೋಡಿ. ಅದೇ ಚಾನೆಲ್ ಕೇಂದ್ರ ಸರ್ಕಾರದ ಸಾಲದ ಬಗ್ಗೆ ಮಾಡಿರೋ ವಿಡಿಯೊ ಹುಡುಕಿ. ಕೇಂದ್ರದ ಸಾಲ 2025-26ರ ಬಜೆಟ್ ಪ್ರಕಾರ ಜಿಡಿಪಿಯ ಶೇ 56.1. ರಾಜ್ಯದ ಸಾಲಕ್ಕೆ ಕೋಟಿ ಲೆಕ್ಕ ಹೇಳಿ ಎದೆ ಬಡ್ಕೊಂಡವ್ರು ಕೇಂದ್ರಕ್ಕೆ ಬಂದಾಗ "ಜಿಡಿಪಿಗೆ ಹೋಲಿಸಿದ್ರೆ ಇಳೀತಾ ಇದೆ" ಅಂತ ಶೇಕಡಕ್ಕೆ ಜಿಗಿದ್ರೆ, ಇಲ್ಲಾ ಭಾವನ ಚಾನೆಲ್ ರಾಜ್ಯಕ್ಕೆ ಶೇಕಡ, ಕೇಂದ್ರಕ್ಕೆ ಕೋಟಿ ಹಿಡಿದ್ರೆ, ಅಲ್ಲಿಗೆ ನಿಮ್ಗೆ ಉತ್ತರ ಸಿಕ್ತು. ರಾಜ್ಯಕ್ಕೂ ಕೇಂದ್ರಕ್ಕೂ ಮಿತಿ ಬೇರೆ ಬೇರೆ, ನೇರ ಹೋಲಿಕೆ ಮಾಡ್ಬಾರ್ದು, ಅದು ಸರಿ, ಆದ್ರೆ ನಾವಿಲ್ಲಿ ಅಳೀತಿರೋದು ಸಾಲಾನಲ್ಲ, ಚಾನೆಲ್‌ನ. ತಕ್ಕಡಿ ಒಂದೇನಾ ಅಂತ ನೋಡ್ತಾ ಇದೀವಿ ಅಷ್ಟೆ.

ಗಮನಿಸಿದ್ರಾ, ಇಲ್ಲಿ ತನಕ ಹೇಳಿದ್ದು ಯಾವ್ದೂ ಆ ವಿಡಿಯೊನ ಮತ್ತೆ ಮತ್ತೆ ನೋಡಿ ಸಿಗೋ ಉತ್ತರ ಅಲ್ಲ. ವಿಡಿಯೊ ನಿಲ್ಸಿ ಹೊರಗೆ ಹೋಗ್ಬೇಕು. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಸ್ಯಾಮ್ ವೈನ್‌ಬರ್ಗ್ ಮತ್ತೆ ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಸ್ಟಡಿ ಮಾಡಿದ್ರು, ಇತಿಹಾಸದ ಪ್ರೊಫೆಸರುಗಳು, ಜಾಣ ವಿದ್ಯಾರ್ಥಿಗಳು, ಸುದ್ದಿ ನಿಜಾನಾ ಸುಳ್ಳಾ ಅಂತ ಪರೀಕ್ಷೆ ಮಾಡೋ ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು, ಮೂರೂ ಗುಂಪಿಗೆ ಗೊತ್ತಿಲ್ಲದ ವೆಬ್‌ಸೈಟ್ ತೋರ್ಸಿ ನಂಬಬಹುದಾ ಹೇಳಿ ಅಂದ್ರು. ಪ್ರೊಫೆಸರು, ವಿದ್ಯಾರ್ಥಿಗಳು ಆ ಪುಟಾನೇ ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿದ್ರು, ಲೋಗೊ ಚೆನ್ನಾಗಿದೆ, ಭಾಷೆ ಚೆನ್ನಾಗಿದೆ ಅಂತ ಎಷ್ಟೋ ಜನ ಮೋಸ ಹೋದ್ರು. ಫ್ಯಾಕ್ಟ್ ಚೆಕರ್‌ಗಳು ಬಂದ ತಕ್ಷಣ ಅಲ್ಲಿಂದ ಎದ್ದು ಬೇರೆ ಟ್ಯಾಬ್ ತೆಗೆದು ಇವ್ರು ಯಾರು, ಬೇರೆಯವ್ರು ಇವ್ರ ಬಗ್ಗೆ ಏನಂತಾರೆ ಅಂತ ನೋಡಿದ್ರು, ಬೇಗಾನೂ ಮುಗಿಸಿದ್ರು, ಸರಿಯಾಗೂ ಹೇಳಿದ್ರು. ಅದೇ ಸ್ಟ್ಯಾನ್‌ಫರ್ಡ್‌ನವ್ರು 2019ರಲ್ಲಿ ಅಮೆರಿಕದ 3,446 ಹೈಸ್ಕೂಲ್ ಮಕ್ಕಳಿಗೆ ಒಂದು ಮಸುಕು ಮಸುಕಾದ ವಿಡಿಯೊ ತೋರಿಸಿದ್ರು. 2016ರ ಡೆಮಾಕ್ರಟಿಕ್ ಪ್ರೈಮರಿ ಚುನಾವಣೇಲಿ ಡಬ್ಬಕ್ಕೆ ಕಳ್ಳವೋಟು ತುರುಕ್ತಿರೋದು ಅಂತ ಅದ್ರ ಮೇಲೆ ಬರೆದಿತ್ತು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಇದು ಬಲವಾದ ಸಾಕ್ಷಿ ಅಂದ್ರು. ಅದು ರಷ್ಯಾದ ವಿಡಿಯೊ ಆಗಿತ್ತು, ಕೈಯಲ್ಲಿ ಇಂಟರ್ನೆಟ್ ಇದ್ರೂ ಮೂಲ ಹುಡುಕಿದ್ದು ಮೂರೇ ಮೂರು ಮಕ್ಕಳು. ಮಕ್ಕಳು ಪಾಪ ಅನ್ಬೇಡಿ, ನಮ್ಮ ಗ್ರೂಪುಗಳಲ್ಲಿರೋ ರಿಟೈರ್ಡ್ ಮೇಷ್ಟ್ರುಗಳೂ ಹಂಗೇನೆ.

ಈ ಹೊರಗೆ ಹೋಗೋ ಕೆಲ್ಸ ಮೊಬೈಲಲ್ಲೇ ಆಗುತ್ತೆ. ವಿಡಿಯೊ ನಿಲ್ಸಿ ಸ್ಕ್ರೀನ್‌ಶಾಟ್ ತೆಗೀರಿ, ಕೆಳಗಿರೋ ಕ್ಯಾಪ್ಷನ್ ಪಟ್ಟಿ, ಮೂಲೇಲಿರೋ ಲೋಗೊ ಕ್ರಾಪ್ ಮಾಡಿ ಬಿಸಾಕಿ (ಇಲ್ಲಾಂದ್ರೆ ಸರ್ಚ್ ಆ ಅಕ್ಷರಗಳ ಹಿಂದೇನೇ ಓಡುತ್ತೆ), ಉಳಿದ ಚಿತ್ರಾನ, ಅದೇ ಥರದ ಚಿತ್ರ ಎಲ್ಲೆಲ್ಲಿದೆ ಅಂತ ಹುಡುಕಿಕೊಡೋ ಗೂಗಲ್ ಲೆನ್ಸ್‌ಗೆ ಕೊಡಿ. ಒಂದೇ ಫ್ರೇಮ್ ಅಲ್ಲ, ಬೇರೆ ಬೇರೆ ಜಾಗದಿಂದ ನಾಕೈದು ತೆಗೆದು ನೋಡಿ. ಬಂದಿರೋ ರಿಸಲ್ಟಲ್ಲಿ ಹಳೇದು ಯಾವ್ದು ಅಂತ ಹುಡುಕ್ಬೇಕು. "ನಿನ್ನೆ ಮಂಗಳೂರಲ್ಲಿ" ಅನ್ನೋ ವಿಡಿಯೊ ಮೂರು ವರ್ಷದ ಹಿಂದೆ ಬೇರೆ ಯಾರೋ ಅಪ್‌ಲೋಡ್ ಮಾಡಿದ್ರೆ ಅಲ್ಲಿಗೆ ಮುಗೀತು. ಲೆನ್ಸಲ್ಲಿ ಏನೂ ಬರ್ಲಿಲ್ಲ ಅಂದ್ರೆ ಕಣ್ಣಿಗೆ ಕೆಲ್ಸ ಕೊಡಿ: ಅಂಗಡಿ ಬೋರ್ಡ್ ಯಾವ ಭಾಷೆ, ಗಾಡಿ ನಂಬರ್ ಕೆಎ ಇದೆಯಾ ಎಂಎಚ್ ಇದೆಯಾ, ಬಸ್ಸಿನ ಬಣ್ಣ, ಪೊಲೀಸ್ ಟೋಪಿ. ಟೋಪಿ ಅಂದಾಗ ನೆನಪಾಯ್ತು, ನಮ್ಮ ಕಾನ್ಸ್‌ಟೇಬಲ್‌ಗಳಿಗೆ ಹಳೇ ಸ್ಲೋಚ್ ಹ್ಯಾಟ್ ಬದ್ಲು ನೀಲಿ ಪೀಕ್ ಕ್ಯಾಪ್ ಕೊಡೋಕೆ ಶುರು ಮಾಡಿದ್ದು 2025ರ ಅಕ್ಟೋಬರಲ್ಲಿ, ಹಂಗಾಗಿ ಇಲ್ಲಿ ಪೀಕ್ ಕ್ಯಾಪ್ ಹಾಕಿರೋ ಕಾನ್ಸ್‌ಟೇಬಲ್‌ಗಳನ್ನ ತೋರ್ಸಿ ಇದು 2022ರ ಗಲಾಟೆ ಅಂತ ಯಾರಾದ್ರೂ ಅಂದ್ರೆ ಕೇಳೋಕೆ ನಿಮ್ಗೆ ಒಂದು ಪ್ರಶ್ನೆ ಸಿಗ್ತು.

ಕತ್ತರಿ ಹಾಕಿದ ಭಾಷಣ ಇದಕ್ಕಿಂತ ಕಷ್ಟ. ಯಾಕಂದ್ರೆ ಮುಖ ನಿಜ, ಧ್ವನಿ ನಿಜ, ಸ್ಟೇಜೂ ನಿಜ. 2017ರ ನವೆಂಬರಲ್ಲಿ ಗುಜರಾತಿನ ಪಾಟಣದಲ್ಲಿ ರಾಹುಲ್ ಗಾಂಧಿ ಮಾತಾಡಿದ್ದು ನೆನಪಿರುತ್ತೆ, ಈ ಕಡೆಯಿಂದ ಆಲೂಗಡ್ಡೆ ಹಾಕಿದ್ರೆ ಆ ಕಡೆಯಿಂದ ಚಿನ್ನ ಬರುತ್ತೆ ಅನ್ನೋ ಮೆಷಿನ್. ದೇಶಾನೇ ನಕ್ಕಿದ್ದೇ ನಕ್ಕಿದ್ದು. ಅವ್ರು ಪೂರ್ತಿ ಹೇಳಿದ್ದು ಇದು ನನ್ ಮಾತಲ್ಲ, ಮೋದಿಯವರ ಮಾತು ಅಂತ, ಆ ಹಿಂದುಮುಂದಿನ ಸಾಲುಗಳನ್ನ ಕತ್ತರಿಸಿಬಿಟ್ರು. ಮೋದಿ ನಿಜವಾಗ್ಲೂ ಹಂಗೆ ಹೇಳಿದ್ರಾ ಅನ್ನೋದು ಇನ್ನೊಂದು ಪ್ರಶ್ನೆ, ಅದನ್ನ ಬೇರೆಯಾಗೇ ಚೆಕ್ ಮಾಡ್ಬೇಕು, ಎರಡನ್ನೂ ಕಲಸಬಾರ್ದು. ಈ ಕತ್ತರಿ ಒಂದೇ ಕಡೆಯವರ ಕೈಲಿ ಇದೆ ಅನ್ಕೋಬೇಡಿ. 2024ರ ಲೋಕಸಭಾ ಚುನಾವಣೆ ಮಧ್ಯದಲ್ಲಿ ಅಮಿತ್ ಶಾ ಎಸ್‌ಸಿ, ಎಸ್‌ಟಿ, ಒಬಿಸಿ ಮೀಸಲಾತಿನೇ ತೆಗೀತೀವಿ ಅಂದ್ರು ಅನ್ನೋ ಕ್ಲಿಪ್ ಓಡಾಡ್ತು, ಕಾಂಗ್ರೆಸ್‌ನವ್ರು ಜೋರಾಗಿ ಹಂಚಿದ್ರು, ದೆಹಲಿ ಪೊಲೀಸ್ ಕೇಸ್ ಹಾಕಿ ತೆಲಂಗಾಣ ಮುಖ್ಯಮಂತ್ರಿ ರೇವಂತ್ ರೆಡ್ಡಿಗೂ ನೋಟಿಸ್ ಕೊಟ್ರು. ಮೂಲ ಭಾಷಣ 2023ರ ಏಪ್ರಿಲಲ್ಲಿ ತೆಲಂಗಾಣದ ಚೇವೆಳ್ಳದಲ್ಲಿ ಮಾಡಿದ್ದು, ಅಲ್ಲಿ ಅವ್ರು ತೆಗೀತೀವಿ ಅಂದಿದ್ದು ಮುಸ್ಲಿಂ ಮೀಸಲಾತಿ. ಆ ನಿಲುವು ನಿಮ್ಗೆ ಇಷ್ಟವೋ ಕಷ್ಟವೋ, ಅವ್ರು ಆಡಿದ್ದು ಆ ಮಾತು, ಕ್ಲಿಪ್ಪಲ್ಲಿದ್ದದ್ದಲ್ಲ.

ಇದಕ್ಕೆ ಮದ್ದು ಒಂದೇ, ಪೂರ್ತಿ ಭಾಷಣ. ದೊಡ್ಡ ನಾಯಕರ ಭಾಷಣ ಪಾರ್ಟಿಯ ಸ್ವಂತ ಯೂಟ್ಯೂಬ್ ಚಾನೆಲಲ್ಲಿ ಇರೋದೇ ಜಾಸ್ತಿ. ಊರ ಹೆಸ್ರು, ತಿಂಗಳು ಹಾಕಿ ಹುಡುಕಿ, ಸ್ಟೇಜಿನ ಬ್ಯಾನರ್, ಶಾಲಿನ ಬಣ್ಣ, ಪಕ್ಕದಲ್ಲಿ ನಿಂತಿರೋರು ಹೊಂದ್ತಾರಾ ನೋಡಿ, ಆಮೇಲೆ ಕೆಳಗೆ ಡಿಸ್ಕ್ರಿಪ್ಷನ್ ತೆಗೆದ್ರೆ ಟ್ರಾನ್ಸ್‌ಕ್ರಿಪ್ಟ್ ಅಂತ ಇರುತ್ತೆ, ಅದ್ರಲ್ಲಿ ಆ ಪದ ಹುಡುಕಿ ಎರಡು ನಿಮಿಷ ಹಿಂದಿನಿಂದ ಎರಡು ನಿಮಿಷ ಮುಂದಿನ ತನಕ ಕೇಳಿ. ಕನ್ನಡ ಭಾಷಣಕ್ಕೆ ಆಟೊಮ್ಯಾಟಿಕ್ ಟ್ರಾನ್ಸ್‌ಕ್ರಿಪ್ಟ್ ಎಲ್ಲಾ ಕಡೆ ಇರಲ್ಲ, ಇದ್ರೂ ನಗು ಬರೋ ಹಂಗಿರುತ್ತೆ, ಹಂಗಾಗಿ ಕಿವಿಯಿಂದಾನೇ ಕೇಳ್ಬೇಕಾಗಬಹುದು. ವಿಧಾನಸಭೆ ಒಳಗಿನ ಮಾತು ಅಂದ್ರೆ ಇನ್ನೂ ಸುಲಭ, ನಡಾವಳಿ ದಾಖಲೆ ಆಗುತ್ತೆ. ಹನ್ನೊಂದು ಸೆಕೆಂಡಿನ ಕ್ಲಿಪ್ ಬಂದು, ಎಲ್ಲಿ ಯಾವಾಗ ಅನ್ನೋದು ಏನೂ ಬರೆದಿಲ್ಲ ಅಂದ್ರೆ ಅದು ಮರೆತು ಬಿಟ್ಟಿದ್ದಲ್ಲ.

ಸದ್ದಿನ ವಿಷ್ಯ ಬಂದ್ರೆ ನಮ್ಮ ವಿಧಾನಸೌಧದ್ದೇ ಕೇಸಿದೆ. 2024ರ ಫೆಬ್ರವರಿ 27, ರಾಜ್ಯಸಭೆ ರಿಸಲ್ಟ್ ಬಂತು, ಗೆದ್ದ ಕಾಂಗ್ರೆಸ್‌ನ ನಾಸಿರ್ ಹುಸೇನ್ ಬೆಂಬಲಿಗರು ಘೋಷಣೆ ಕೂಗಿದ್ರು. ಪಾಕಿಸ್ತಾನ್ ಜಿಂದಾಬಾದ್ ಅಂದ್ರು ಅಂತ ಬಿಜೆಪಿ, ಇಲ್ಲ ನಾಸಿರ್ ಸಾಬ್ ಜಿಂದಾಬಾದ್ ಅಂದಿದ್ದು ಅಂತ ಕಾಂಗ್ರೆಸ್. ಆ ರಾತ್ರಿ ಲಕ್ಷಾಂತರ ಜನ ಅದೇ ಕ್ಲಿಪ್ ಕೇಳಿ ತಮ್ ತಮ್ಗೆ ಬೇಕಾದ್ದು ಖಡಾಖಂಡಿತವಾಗಿ ಕೇಳ್ಸ್ತು ಅಂತ ಬರೆದ್ರು. ಇದು ಯಾರ ದುರುದ್ದೇಶಾನೂ ಇರಬೇಕಾಗಿಲ್ಲ, ಗಲಾಟೆ ಮಧ್ಯದ ಸದ್ದಿಗೆ ಸ್ಕ್ರೀನ್ ಮೇಲೆ ಏನು ಬರೆದಿರುತ್ತೋ ಕಿವಿ ಅದನ್ನೇ ಕೇಳಿಸ್ಕೊಳ್ಳುತ್ತೆ. ಕೊನೆಗೆ ವಿಧಿವಿಜ್ಞಾನ ಪ್ರಯೋಗಾಲಯದ ರಿಪೋರ್ಟು, ಸಾಂದರ್ಭಿಕ ಸಾಕ್ಷ್ಯ, ಅಲ್ಲಿದ್ದೋರ ಹೇಳಿಕೆ ಇಟ್ಕೊಂಡು ಮಾರ್ಚ್ 4ಕ್ಕೆ ಪೊಲೀಸ್ರು ಮೂರು ಜನರನ್ನ ಅರೆಸ್ಟ್ ಮಾಡಿದ್ರು. ಅರೆಸ್ಟ್ ಅಂದ್ರೆ ಶಿಕ್ಷೆ ಅಲ್ಲ, ಅದೂ ನೆನಪಿರ್ಲಿ. ಪೊಲೀಸರಿಗೆ ಅಷ್ಟು ದಿನ ಬೇಕಾಗಿದ್ದು ನಮ್ಗೆ ಮೊದಲ್ನೇ ಗಂಟೇಲೇ ಗೊತ್ತಾಗಿಬಿಡ್ತಲ್ಲ, ಅದೇ ಆಶ್ಚರ್ಯ. ಇಂಥ ಕ್ಲಿಪ್ ಬಂದ್ರೆ ಮೊಬೈಲ್ ಉಲ್ಟಾ ಇಟ್ಟು, ಸ್ಕ್ರೀನ್ ನೋಡದೆ, ಇದ್ರಲ್ಲಿ ಏನಂತಾರೆ ಅನ್ನೋದು ಗೊತ್ತಿಲ್ಲದ ಮನೆಯವ್ರಿಗೆ ಕೇಳ್ಸಿ. ಅವ್ರಿಗೂ ಸ್ಪಷ್ಟ ಆಗ್ಲಿಲ್ಲ ಅಂದ್ರೆ ಮನೇಲಿ ಕೂತು ತೀರ್ಮಾನ ಮಾಡೋ ವಿಷ್ಯ ಅದಲ್ಲ, ಕಾಯ್ಬೇಕು.

ಡೀಪ್‌ಫೇಕ್ (ಎಐಯಿಂದ ಮಾಡಿದ ನಕಲಿ ಮುಖ, ಧ್ವನಿ) ಬಗ್ಗೆ ನೀವು ಕೇಳಿಲ್ಲ, ಆದ್ರೆ ಆ್ಯಪ್ ಕೇಳಿದ್ದು ಅದಕ್ಕೇ ಅನ್ಕೊಂಡಿದೀನಿ. ನನ್ ಲೆಕ್ಕದಲ್ಲಿ ಜನ ಇದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಹೆದರ್ತಾರೆ, ಹಳೇ ವಿಡಿಯೊಗೆ ಹೊಸ ಕ್ಯಾಪ್ಷನ್ ಹಾಕೋದಕ್ಕೆ ಸಾಕಷ್ಟು ಹೆದರಲ್ಲ. 2020ರ ದೆಹಲಿ ಚುನಾವಣೇಲಿ ಬಿಜೆಪಿಯ ಮನೋಜ್ ತಿವಾರಿ ಇಂಗ್ಲಿಷಲ್ಲೂ ಹರಿಯಾಣ್ವಿಯಲ್ಲೂ ಮಾತಾಡೋ ಹಂಗೆ ಅವ್ರ ಪಾರ್ಟಿಯವ್ರೇ ತುಟಿ ತಿದ್ದಿಸಿ ವಿಡಿಯೊ ಬಿಟ್ಟಿದ್ರು. 2024ರ ಏಪ್ರಿಲಲ್ಲಿ ಆಮಿರ್ ಖಾನ್, ರಣವೀರ್ ಸಿಂಗ್ ಇಬ್ರೂ ಕಾಂಗ್ರೆಸ್ ಪರ ಮಾತಾಡ್ತಿರೋ ನಕಲಿ ವಿಡಿಯೊ ಬಂತು, ಚಿತ್ರ ಅವ್ರದ್ದೇ ಬೇರೆ ವಿಡಿಯೊದ್ದು, ಧ್ವನಿ ಎಐ, ಇಬ್ರೂ ಪೊಲೀಸರಿಗೆ ದೂರು ಕೊಟ್ರು. ಕಣ್ಣು ಮಿಟುಕಿಸ್ತಾರಾ, ಹಲ್ಲು ಸರಿ ಇದೆಯಾ ಅಂತ ಹುಡುಕೋ ಕಾಲ ಹೋಯ್ತು, ಈಗಿನ ಎಐ ಅದೆಲ್ಲ ದಾಟಿದೆ, ಪತ್ತೆ ಮಾಡೋ ಆ್ಯಪುಗಳು ನಿಜವಾದ ವಿಡಿಯೊನೂ ನಕಲಿ ಅಂದುಬಿಡ್ತವೆ, ಅದ್ರಲ್ಲೂ ವಾಟ್ಸಾಪಲ್ಲಿ ಹತ್ತು ಸಲ ಕಂಪ್ರೆಸ್ ಆಗಿ ಬಂದಿದ್ದಕ್ಕೆ. ಇಲ್ಲೂ ದಾರಿ ಅದೇ: ಇಷ್ಟು ದೊಡ್ಡ ಮನುಷ್ಯ ಇಷ್ಟು ದೊಡ್ಡ ಮಾತಾಡಿದ್ರೆ ಅದನ್ನ ಬೇರೆ ಕ್ಯಾಮೆರಾ ಯಾಕೆ ಹಿಡಿದಿಲ್ಲ, ವಿರೋಧಿ ಪಾರ್ಟಿ ಪತ್ರಿಕಾಗೋಷ್ಠಿ ಯಾಕೆ ಮಾಡಿಲ್ಲ? ಮುಖಾನೇ ಇಲ್ಲದ, ಬರೀ ಆಡಿಯೊ ಮೇಲೆ ಫೋಟೊ ಅಂಟಿಸಿರೋದು ಬಂದ್ರಂತೂ ಇನ್ನೂ ಹುಷಾರಾಗಿರಿ, ಧ್ವನಿ ನಕಲು ಮಾಡೋದು ಮುಖಕ್ಕಿಂತ ಸಲೀಸು, ಅದೂ ಮತದಾನಕ್ಕೆ ಎರಡು ದಿನ ಇದ್ದಾಗ ಬಂದ್ರೆ ಸ್ಪಷ್ಟನೆ ಕೊಡೋಕೂ ಟೈಮ್ ಇರಲ್ಲ.

ಚಾನೆಲ್ ಬಗ್ಗೆ ಎರಡೇ ಮಾತು. ಅಬೌಟ್ ಪೇಜಲ್ಲಿ ಯಾರು ನಡೆಸ್ತಾರೆ, ಎಲ್ಲಿಂದ, ಹೆಸ್ರು ಇದೆಯಾ ನೋಡಿ. ದುಡ್ಡು ಎಲ್ಲಿಂದ ಅಂತಾನೂ ಯೋಚ್ನೆ ಮಾಡಿ, ವ್ಯೂಸ್‌ನ ದುಡ್ಡು ಒಂದೇ ಅಲ್ಲ, ಕೇಂದ್ರ 2023ರಲ್ಲಿ, ಕರ್ನಾಟಕ 2024ರಲ್ಲಿ ಡಿಜಿಟಲ್ ಮಾಧ್ಯಮಕ್ಕೆ ಸರ್ಕಾರಿ ಜಾಹೀರಾತು ಕೊಡೋ ನೀತಿ ತಂದಿವೆ, ಜಾಹೀರಾತು ತಗೊಂಡ್ರೆ ತಪ್ಪಲ್ಲ, ಆದ್ರೆ ತಗೊಂಡ ಮೇಲೆ ಆ ಸರ್ಕಾರದ ಮೇಲೆ ಒಂದಾದ್ರೂ ಗಟ್ಟಿ ವರದಿ ಬಂದಿದೆಯಾ ನೋಡ್ಬೇಕಲ್ವಾ. ಫೇಸ್‌ಬುಕ್ಕಲ್ಲಿ ಪ್ರಮೋಟ್ ಮಾಡಿದ ರಾಜಕೀಯ ಪೋಸ್ಟಾದ್ರೆ ಅದ್ರ ಕಂಪನಿ ಮೆಟಾದ ಆ್ಯಡ್ ಲೈಬ್ರರೀಲಿ ಯಾರು ದುಡ್ಡು ಕೊಟ್ರು ಅಂತ ಹುಡುಕಬಹುದು, ಅಲ್ಲಿ ಕೆಲವು ಸಲ ಯಾರೂ ಕೇಳಿರದ ಹೆಸ್ರಿನ ಪೇಜ್ ಸಿಗುತ್ತೆ, ಅದೂ ಒಂದು ಮಾಹಿತಿನೇ. ಮೂಲಗಳ ಪ್ರಕಾರ, ಸ್ಫೋಟಕ, ಮಾಸ್ಟರ್‌ಸ್ಟ್ರೋಕ್ ಈ ಮೂರು ಪದ ದಿನಾ ಬರೋ ಚಾನೆಲಲ್ಲಿ ಸಾಮಾನ್ಯವಾಗಿ ಫೀಲ್ಡಿಗೆ ಹೋಗೋ ರಿಪೋರ್ಟರ್ ಒಬ್ರೂ ಇರಲ್ಲ, ಒಬ್ರೇ ಕೂತು ಪೇಪರ್ ಓದಿ ಅಭಿಪ್ರಾಯ ಹೇಳ್ತಿರ್ತಾರೆ. ಅಭಿಪ್ರಾಯ ಕೇಳೋದು ತಪ್ಪಲ್ಲ, ನಾನೂ ಕೇಳ್ತೀನಿ, ಅದು ಸುದ್ದಿ ಅಲ್ಲ ಅಷ್ಟೆ.

ಫ್ಯಾಕ್ಟ್ ಚೆಕ್ ಸೈಟುಗಳನ್ನ ನೋಡಿ, ಕನ್ನಡದಲ್ಲೂ ಇದಾವೆ. ಆದ್ರೆ ಮೇಲಿರೋ "ಸುಳ್ಳು", "ನಿಜ" ಅನ್ನೋ ಸೀಲ್ ಮಾತ್ರ ನೋಡಿ ವಾಪಸ್ ಬರಬೇಡಿ, ಕೆಳಗೆ ಅವ್ರು ಕೊಟ್ಟಿರೋ ಮೂಲ ವಿಡಿಯೊ, ದಾಖಲೆ ಲಿಂಕ್ ಒತ್ತಿ ನೀವೇ ನೋಡಿ, ಲಿಂಕ್ ಕೊಡದೇ ಬರೀ ತೀರ್ಪು ಕೊಟ್ರೆ ಅದೂ ಇನ್ನೊಂದು ಫಾರ್ವರ್ಡ್ ಇದ್ದಂಗೆ. ಸರ್ಕಾರಗಳೇ ನಡೆಸೋ ಫ್ಯಾಕ್ಟ್ ಚೆಕ್ ವಿಷ್ಯದಲ್ಲಿ ಇನ್ನೂ ಎಚ್ಚರ ಬೇಕು. ತನ್ನ ಬಗ್ಗೆ ಬಂದ ಸುದ್ದಿ ಸುಳ್ಳೋ ನಿಜವೋ ಅಂತ ತಾನೇ ಹೇಳೋ ಅಧಿಕಾರ ಕೇಂದ್ರ ಸರ್ಕಾರ ಐಟಿ ನಿಯಮದಲ್ಲಿ ಸೇರಿಸ್ಕೊಂಡಿತ್ತು, ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಲ್ಲಿ ಅದನ್ನ ಹೊಡೆದು ಹಾಕ್ತು. ಸರ್ಕಾರ ಕೊಡೋ ದಾಖಲೆ ತಗೊಳ್ಳಿ, ಸರ್ಟಿಫಿಕೇಟ್ ಬೇಡ.

ಇನ್ನು ನಿಮ್ಮ ಮನೆ ವಿಷ್ಯ. ಅಪ್ಪನಿಗೆ ಫ್ಯಾಮಿಲಿ ಗ್ರೂಪಲ್ಲಿ, ಅತ್ತೆ ಮಾವ ಎಲ್ರೂ ಇರೋ ಕಡೆ, "ಇದು ಸುಳ್ಳು" ಅಂತ ಹಾಕ್ಬೇಡಿ, ಅವ್ರು ಇನ್ನೂ ನಾಲ್ಕು ವಿಡಿಯೊ ಕಳಿಸ್ತಾರೆ ಅಷ್ಟೆ. ಅಪ್ಪನನ್ನೂ ಭಾವನನ್ನೂ ಒಟ್ಟಿಗೆ ಕೂರಿಸಿ ಬಜೆಟ್ ಭಾಷಣದ ಪಿಡಿಎಫ್ ತೆಗೀರಿ, ಅಪ್ಪನ ಕೈಲಿ ಶೇ 24.91 ಹುಡುಕ್ಸಿ, ಭಾವನ ಕೈಲಿ ರಾಜಸ್ವ ಕೊರತೆ ಹುಡುಕ್ಸಿ. ತಮ್ಮ ಚಾನೆಲ್ ಹೇಳದೇ ಬಿಟ್ಟ ಅಂಕಿನ ಅವ್ರವ್ರೇ ಓದ್ಲಿ. ಇಬ್ರ ಅಭಿಪ್ರಾಯ ಬದಲಾಗ್ಬೇಕಾಗಿಲ್ಲ, ಗ್ಯಾರಂಟಿ ಬೇಕೋ ಬೇಡ್ವೋ ಅನ್ನೋದು ಅವ್ರವ್ರ ರಾಜಕೀಯ, ಅದಕ್ಕೆ ನನ್ನತ್ರಾನೂ ಉತ್ತರ ಕೇಳ್ಬೇಡಿ.

ವಾಟ್ಸಾಪಲ್ಲಿ ಜೋಡಿ ಬಾಣದ ಗುರುತು ಬಂದಿದ್ರೆ ಅದು ಕೈಯಿಂದ ಕೈಗೆ ಕಮ್ಮಿ ಅಂದ್ರೂ ಐದು ಸಲ ಫಾರ್ವರ್ಡ್ ಆಗಿ ಬಂದಿದೆ ಅಂತ, ಕಳಿಸಿದವ್ರಿಗೂ ಮೂಲ ಗೊತ್ತಿರಲ್ಲ, ಅವ್ರನ್ನ ಬೈದು ಪ್ರಯೋಜನ ಇಲ್ಲ. ನೀವೇ ಈಗಾಗ್ಲೇ ಯಾವ್ದೋ ಕ್ಲಿಪ್ ಕಳ್ಸಿ ಆಮೇಲೆ ತಪ್ಪು ಅಂತ ಗೊತ್ತಾದ್ರೆ, ಎಲ್ರಿಗೂ ಡಿಲೀಟ್ ಮಾಡೋಕೆ ಎರಡು ದಿನದ ಮೇಲೆ ಸ್ವಲ್ಪ ಟೈಮ್ ಇರುತ್ತೆ, ಆದ್ರೆ ಸುಮ್ನೆ ಡಿಲೀಟ್ ಮಾಡಿದ್ರೆ ನೋಡಿದವ್ರ ತಲೇಲಿ ಅದು ಹಂಗೇ ಉಳಿಯುತ್ತೆ, ಅದೇ ಗ್ರೂಪಲ್ಲಿ ಪೂರ್ತಿ ಭಾಷಣದ ಲಿಂಕ್ ಹಾಕಿ ಎಷ್ಟನೇ ನಿಮಿಷದಿಂದ ನೋಡ್ಬೇಕು ಅಂತ ಬರೀರಿ, ನಿಮಿಷ ಬರೀದೇ ಇದ್ರೆ ಒಂದೂವರೆ ಗಂಟೆ ಭಾಷಣ ಯಾರೂ ತೆಗೆಯಲ್ಲ.